ಕತ್ತಲೆ ನಡುಮನೆಗೊಂದು ಬೆಳಕಿಂಡಿ: 14 ವಾರಗಳ ಕೆಲಸದ ಟಿಪ್ಪಣಿ

1ನೇ ವಾರ

ನಮ್ಮ ನಡುಮನೆಗೆ ಕಿಟಕಿ ಇಲ್ಲ. ಎರಡು ಪಕ್ಕ ಕೋಣೆಗಳು, ಹಿಂದೆ ಗೋಡೆಗೆ ಅಂಟಿಕೊಂಡೇ ನಮ್ಮಷ್ಟೇ ಎತ್ತರದ ಇನ್ನೊಂದು ಕಟ್ಟಡ. ಮುಂದೆ ಹಾಲ್‌ನಿಂದ ಬರುವ ಬಾಗಿಲು. 8 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರ. ಮನೆಯವರೆಲ್ಲ ದಿನಕ್ಕೆ ಇಪ್ಪತ್ತು ಸಲ ಇದನ್ನು ದಾಟಿ ಹೋಗುತ್ತಾರೆ, ಆದರೆ ಯಾರೂ ನಿಲ್ಲುವುದಿಲ್ಲ. ಹಗಲಲ್ಲೂ ಲೈಟ್ ಹಾಕಬೇಕು.

ಇದನ್ನು ಕೂತು ಓದುವ ಜಾಗ ಮಾಡಬೇಕು ಅಂತ ತುಂಬಾ ದಿನದ ಆಸೆ. ಈ ಸಲ ಸಾಮಾನು ತರುವ ಮೊದಲು ಬೆಳಕನ್ನು ಅಳೆಯೋಣ ಅಂದುಕೊಂಡೆ. ಕೋಣೆಯ ನಡುವೆ ಒಂದು ಸ್ಟೂಲ್ ಇಟ್ಟು, ಅದರ ಮೇಲೆ ಫೋನ್ ಇಟ್ಟು, ದಿನಕ್ಕೆ ಮೂರು ಸಲ ಲಕ್ಸ್ (ಬೆಳಕನ್ನು ಅಳೆಯುವ ಮಾನ) ಬರೆದಿಟ್ಟೆ. ಫೋನಿನ ಲೆಕ್ಕ ಪಕ್ಕಾ ಇರುವುದಿಲ್ಲ, ಆದರೆ ಅದೇ ಫೋನ್, ಅದೇ ಜಾಗ ಆದರೆ ಹೋಲಿಸಿ ನೋಡುವುದಕ್ಕೆ ಸಾಕು. ಮಧ್ಯಾಹ್ನ 12ಕ್ಕೆ 22 ಲಕ್ಸ್. ಆರಾಮಾಗಿ ಓದುವುದಕ್ಕೆ ಸುಮಾರು 300 ಬೇಕು. ಹೊರಗೆ ಸುಡುಬಿಸಿಲಲ್ಲಿ ಒಂದು ಲಕ್ಷದ ಹತ್ತಿರ ಇರುತ್ತದೆ. ಅಷ್ಟೊಂದು ಬೆಳಕು ನಮ್ಮ ತಲೆಯ ಮೇಲೇ ಸುರಿಯುತ್ತಿದೆ, ನಡುವೆ ಇರುವುದು ಐದು ಇಂಚಿನ ಕಾಂಕ್ರೀಟ್ ಅಷ್ಟೇ.

2ನೇ ವಾರ

ಎಲ್ಲಿಗೆ ಪ್ರವಾಸ ಹೋದರೂ ಒಂದಾದರೂ ಕಟ್ಟಡವನ್ನು ನಿಧಾನವಾಗಿ ನೋಡಿ ಬರುವುದು ನನ್ನ ಅಭ್ಯಾಸ. ಫೋಟೋಗಿಂತ ಜಾಸ್ತಿ ಟೇಪ್ ಹಿಡಿದು ಅಳತೆ ತೆಗೆಯುತ್ತೇನೆ. ನನ್ನ ಹಳೆಯ ಟಿಪ್ಪಣಿ ಪುಸ್ತಕಗಳನ್ನು ತಿರುವಿ ಹಾಕುವಾಗ ಕೊಲಂಬೊದ ಪುಟ ಸಿಕ್ಕಿತು. ಶ್ರೀಲಂಕಾದ ವಾಸ್ತುಶಿಲ್ಪಿ ಜೆಫ್ರಿ ಬಾವಾ ಅವರ ಸ್ವಂತ ಮನೆ, ‘ನಂಬರ್ 11’. ಅಕ್ಕಪಕ್ಕದ ನಾಲ್ಕು ಸಣ್ಣ ಮನೆಗಳಲ್ಲಿ ಒಂದಕ್ಕೆ 1958ರಲ್ಲಿ ಬಂದವರು, ಹತ್ತು ವರ್ಷದಲ್ಲಿ ನಾಲ್ಕನ್ನೂ ಸೇರಿಸಿ ಒಂದೇ ಮನೆ ಮಾಡಿದರು. ಒಳಗೆ ಹೋದರೆ ಉದ್ದನೆಯ ಬಿಳಿ ಓಣಿ. ಅಲ್ಲಲ್ಲಿ ಸೂರು ತೆಗೆದು ಪುಟ್ಟ ಅಂಗಳಗಳನ್ನು ಬಿಟ್ಟಿದ್ದಾರೆ. ನಡೆಯುವ ದಾರಿ ತಂಪಾಗಿ ಮಬ್ಬಾಗಿರುತ್ತದೆ, ಮುಂದೆ ಬೆಳಕು ಕಾಣುತ್ತದೆ. ಕಾಲು ತಾನಾಗಿ ಆ ಕಡೆ ಹೋಗುತ್ತದೆ.

ಪುಟದ ಅಂಚಲ್ಲಿ ಆವತ್ತು ನಾನು ಬರೆದುಕೊಂಡಿದ್ದು ಇಷ್ಟೇ: “ಬೆಳಕು ಎಲ್ಲ ಕಡೆ ಇಲ್ಲ. ಕೊನೆಯಲ್ಲಿದೆ.” ಆಗ ಅದು ಬರೀ ಒಂದು ಗಮನಿಕೆ. ಈಗ ನಮ್ಮ ಮನೆಯ ಪ್ಲಾನ್ ಪಕ್ಕದಲ್ಲಿಟ್ಟು ಓದಿದೆ.

3ನೇ ವಾರ

ಗೋಡೆಯ ಕಿಟಕಿಗೆ ಹೆಚ್ಚೆಂದರೆ ಅರ್ಧ ಆಕಾಶ ಕಾಣುತ್ತದೆ. ಸೂರಿನ ಕಿಂಡಿಗೆ ಪೂರ್ತಿ ಆಕಾಶ. ಹಾಗಾಗಿ ಬೆಳಕಿಂಡಿ ಚಿಕ್ಕದಿದ್ದರೂ ನಡೆಯುತ್ತದೆ. 2 ಅಡಿಗೆ 4 ಅಡಿ ಸಾಕು ಅಂತ ಲೆಕ್ಕ ಹಾಕಿದೆ. ನೆಲದ ಹನ್ನೆರಡನೇ ಒಂದು ಭಾಗ.

ನನ್ನ ಮೊದಲ ಪ್ಲಾನಿನಲ್ಲಿ ಅದು ಉದ್ದ ಗೋಡೆಯ ಪಕ್ಕ, ಗೋಡೆಯ ಉದ್ದಕ್ಕೇ ಇತ್ತು. ಸ್ಟ್ರಕ್ಚರಲ್ ಎಂಜಿನಿಯರ್ ಬಂದು, ಮಿಷನ್ ಇಟ್ಟು ಸ್ಲ್ಯಾಬಿನೊಳಗಿನ ಕಂಬಿ ಹುಡುಕಿ, ಚಾವಣಿ ಮೇಲೆಲ್ಲ ಸೀಮೆಸುಣ್ಣದ ಗೆರೆ ಎಳೆದರು. ಭಾರ ಹೊರುವ ಮುಖ್ಯ ಕಂಬಿಗಳು ಕೋಣೆಯ ಕಡಿಮೆ ಅಗಲದ ಕಡೆಗೆ, ಅಂದರೆ 8 ಅಡಿಯ ಕಡೆಗೆ ಓಡುತ್ತವೆ. ನಾನು ಹೇಳಿದ ಹಾಗೆ ಕೊರೆದರೆ ನಾಲ್ಕು ಅಡಿ ಅಗಲಕ್ಕೆ ಬರುವ ಮುಖ್ಯ ಕಂಬಿಗಳೆಲ್ಲ ಹೋಗುತ್ತವೆ. “ಕಿಂಡಿಯನ್ನು ತಿರುಗಿಸಿ, ಕೊನೆ ಗೋಡೆಗೆ ಅಂಟಿಸಿ ಇಡಿ ಮೇಡಂ. ಎರಡು ಅಡಿಯಷ್ಟು ಕಂಬಿ ಮಾತ್ರ ಹೋಗುತ್ತೆ. ಸುತ್ತ ಆಧಾರಕ್ಕೆ ಉಕ್ಕಿನ ಚಾನೆಲ್ ಕೊಡೋಣ” ಅಂದರು.

ಮೊದಲು ಬೇಜಾರಾಯಿತು. ರಾತ್ರಿ ಚಿತ್ರ ಬರೆದು ನೋಡಿದೆ. ಬಾಗಿಲಲ್ಲಿ ನಿಂತರೆ ನೇರ ಎದುರಿಗೆ ಕೊನೆ ಗೋಡೆ. ಬೆಳಕೆಲ್ಲ ಅದರ ಮೇಲೇ ಇಳಿಯುತ್ತದೆ. ಕೊಲಂಬೊದ ಪುಟದಲ್ಲಿ ನಾನೇ ಬರೆದುಕೊಂಡಿದ್ದ ಮಾತು ಕಂಬಿ ಲೆಕ್ಕದಲ್ಲಿ ವಾಪಸ್ ಬಂದಿತ್ತು! ಆ ಎಂಜಿನಿಯರ್‌ಗೆ ನಾನು ತುಂಬಾ ಋಣಿ.

4ನೇ ವಾರ

ಕೊರೆಯುವ ಮೊದಲು ಒಂದು ಪರೀಕ್ಷೆ. ಇದನ್ನು ಯಾರು ಬೇಕಾದರೂ ಮನೆಯಲ್ಲಿ ಮಾಡಬಹುದು.

ಕೊನೆ ಗೋಡೆಯ ಮೇಲರ್ಧಕ್ಕೆ ಹಳೆಯ ಮರದ ಅಟ್ಟ ಇತ್ತು, ಕಪ್ಪಗಾದ ಹಲಗೆಗಳು. ಕಿಂಡಿ ಬರುವ ಜಾಗದ ಹತ್ತಿರ ಒಂದು ಬಲ್ಬ್ ನೇತುಹಾಕಿ ರಾತ್ರಿ ಅಳೆದೆ. ಕೋಣೆಯ ನಡುವೆ 60 ಲಕ್ಸ್. ಆಮೇಲೆ ಅಟ್ಟದ ಮುಂದೆ ಒಂದು ಬಿಳಿ ಬೆಡ್‌ಶೀಟ್ ಇಳಿಬಿಟ್ಟೆ. ಅದೇ ಬಲ್ಬ್, ಅದೇ ಸ್ಟೂಲ್. 140!

ಬಿಳಿ ಸುಣ್ಣದ ಗೋಡೆ ತನ್ನ ಮೇಲೆ ಬಿದ್ದ ಬೆಳಕಲ್ಲಿ ನೂರಕ್ಕೆ ಸುಮಾರು 80 ಭಾಗ ವಾಪಸ್ ಕೊಡುತ್ತದೆ. ಕಪ್ಪು ಮರ 10–15 ಕೊಟ್ಟರೆ ಹೆಚ್ಚು. ಕಿಂಡಿ ದೊಡ್ಡದು ಮಾಡುವ ಬಗ್ಗೆ ಎಲ್ಲರೂ ಯೋಚಿಸುತ್ತೇವೆ, ಬೆಳಕು ಬಂದು ಬೀಳುವ ಗೋಡೆಯ ಬಗ್ಗೆ ಕಡಿಮೆ, ಅಲ್ವಾ? ವಾಸ್ತುಶಿಲ್ಪಿ ಲೂಯಿ ಕಾನ್ ಅಮೆರಿಕದ ಫೋರ್ಟ್ ವರ್ತ್‌ನಲ್ಲಿ ಕಟ್ಟಿದ ಕಿಂಬೆಲ್ ಮ್ಯೂಸಿಯಂ (1972) ಇದಕ್ಕೆ ಒಳ್ಳೆಯ ಉದಾಹರಣೆ. ಕಮಾನು ಸೂರಿನ ನೆತ್ತಿಯ ಉದ್ದಕ್ಕೂ ಒಂದು ಸಣ್ಣ ಸೀಳು. ಅದರ ಕೆಳಗೆ ತೂತು ತೂತಾದ ಅಲ್ಯೂಮಿನಿಯಂ ರೆಕ್ಕೆಗಳು. ಬಿಸಿಲು ಆ ರೆಕ್ಕೆಗೆ ಬಡಿದು ಮೇಲಕ್ಕೆ ಹಾರಿ ಕಾಂಕ್ರೀಟಿನ ಒಳಮೈಗೆ ಹರಡುತ್ತದೆ. ಬರೀ ಕಾಂಕ್ರೀಟ್ ಅಲ್ಲಿ ಬೆಳ್ಳಿಯ ಹಾಗೆ ಕಾಣುತ್ತದೆ. ಅಲ್ಲಿ ದೀಪದ ಕೆಲಸವನ್ನು ಸೂರೇ ಮಾಡುತ್ತಿದೆ.

ಅಟ್ಟ ಇಳಿಸುವುದು ಅಂತ ತೀರ್ಮಾನ ಆಯಿತು. ಹಲಗೆಗಳನ್ನು ಎಸೆಯಲಿಲ್ಲ, ಒರಗಿಸಿ ಇಟ್ಟಿದ್ದೇನೆ.

5ನೇ ವಾರ

ಸ್ಲ್ಯಾಬ್ ಕೊರೆದದ್ದು ಒಂದೇ ದಿನ. ಮೊದಲು ಕೆಳಗಿನಿಂದ ಆಧಾರದ ಕಂಬ ಕೊಟ್ಟರು, ಆಮೇಲೆ ಚಾನೆಲ್ ಕೂರಿಸಿದರು, ಆಮೇಲೆ ನೀರು ಬಿಟ್ಟುಕೊಂಡು ವಜ್ರದ ಬ್ಲೇಡಿನಲ್ಲಿ ಕೊಯ್ದರು. ಕಾಂಕ್ರೀಟ್ ತುಂಡು ಕೆಳಗಿಳಿದು ಆಕಾಶ ಕಂಡಾಗ ಅಮ್ಮ ಕೈ ಮುಗಿದರು.

ರೋಮಿನ ಪ್ಯಾಂಥಿಯನ್‌ನಲ್ಲಿ ಸುಮಾರು 1900 ವರ್ಷದಿಂದ ಗುಮ್ಮಟದ ನೆತ್ತಿ ತೆರೆದೇ ಇದೆ. 43 ಮೀಟರ್ ಅಗಲದ ಗುಮ್ಮಟ, ಅದರಲ್ಲಿ ಎಂಟು ಮೀಟರಿಗೂ ದೊಡ್ಡ ತೂತು, ಗಾಜು ಇಲ್ಲ. ಮಳೆ ಒಳಗೇ ಬೀಳುತ್ತದೆ. ನೆಲವನ್ನು ಸ್ವಲ್ಪ ಉಬ್ಬಿಸಿ, ನೀರು ಇಳಿಯಲು ಸಣ್ಣ ತೂತುಗಳನ್ನು ಬಿಟ್ಟಿದ್ದಾರೆ. ಅಲ್ಲಿ ನಿಂತಾಗ ಎಲ್ಲರ ಕತ್ತೂ ಮೇಲಿತ್ತು, ನಾನು ಬಗ್ಗಿ ಆ ತೂತುಗಳನ್ನೇ ನೋಡುತ್ತಿದ್ದೆ. ನೀರು ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಮೊದಲು ಯೋಚಿಸಿದವರು ಮಾತ್ರ ಸೂರನ್ನು ತೆರೆಯಬಹುದು. ನಾವು ಕಿಂಡಿಯ ಸುತ್ತ 6 ಇಂಚು ಎತ್ತರದ ಕಟ್ಟೆ ಕಟ್ಟಿಸಿದೆವು. ತಾರಸಿಯಲ್ಲಿ ನೀರು ನಿಂತರೂ ಒಳಗೆ ನುಗ್ಗಬಾರದು. ಗಾಜು ಎರಡು ಪದರ, ಸ್ವಲ್ಪ ಇಳಿಜಾರಾಗಿ. ಒಳಗಿನ ಪದರ ಲ್ಯಾಮಿನೇಟೆಡ್, ಒಡೆದರೂ ಚೂರು ತಲೆ ಮೇಲೆ ಬೀಳುವುದಿಲ್ಲ.

6ರಿಂದ 9ನೇ ವಾರ

ಈ ನಾಲ್ಕು ವಾರ ಪೂರ್ತಿ ಒಂದೇ ಗೋಡೆಗೆ ಹೋಯಿತು. ಹೋಗಲಿ, ಅದು ಬೇಕಿತ್ತು.

ಕಿಂಡಿ ಗೋಡೆಗೆ ಅಂಟಿಕೊಂಡಿರುವುದರಿಂದ ಬೆಳಕು ಗೋಡೆಯನ್ನು ಸವರಿಕೊಂಡೇ ಇಳಿಯುತ್ತದೆ. ಹಾಗೆ ಇಳಿಯುವ ಬೆಳಕಿನಲ್ಲಿ ಕಾಗದದಷ್ಟು ಉಬ್ಬು ಇದ್ದರೂ ಅದರ ನೆರಳು ಉದ್ದಕ್ಕೆ ಬೀಳುತ್ತದೆ. “ಈ ಗೋಡೆ ಏನನ್ನೂ ಮುಚ್ಚಿಡಲ್ಲ ಮೇಡಂ” ಅಂದರು ಮೇಸ್ತ್ರಿ. ಬಣ್ಣ ಬೇಡ, ಸುಣ್ಣದ ಗಾರೆಯೇ ಇರಲಿ ಅಂತ ಇಬ್ಬರೂ ಒಪ್ಪಿಕೊಂಡೆವು. ಹಳೆಯ ಸಿಮೆಂಟ್ ಗಾರೆಯನ್ನು ಇಟ್ಟಿಗೆ ಕಾಣುವ ತನಕ ಕೆತ್ತಿ ತೆಗೆಸಿದೆ. ಸಿಮೆಂಟಿನ ನುಣುಪು ಮೈ ಮೇಲೆ ಸುಣ್ಣ ಸರಿಯಾಗಿ ಹಿಡಿಯುವುದಿಲ್ಲ.

ಮೊದಲ ಪದರ ಒಂದು ಪಾಲು ಸುಣ್ಣ, ಮೂರು ಪಾಲು ಮರಳು. ಎರಡನೇ ದಿನ ನಾವೆಲ್ಲ ಹೊರಗೆ ಹೋಗಿದ್ದೆವು. ಬಾಗಿಲು ತೆರೆದೇ ಇತ್ತು, ಒಣಗಾಳಿ ನುಗ್ಗಿತು. ವಾಪಸ್ ಬಂದು ನೋಡಿದರೆ ಗೋಡೆಯ ಎಡಗಡೆ ಜೇಡರ ಬಲೆಯ ಹಾಗೆ ಬಿರುಕು. ಸುಣ್ಣ ಸಿಮೆಂಟಿನ ಹಾಗೆ ನೀರಿನ ಜೊತೆ ಸೇರಿ ಗಟ್ಟಿಯಾಗುವುದಲ್ಲ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಎಳೆದುಕೊಂಡು ನಿಧಾನಕ್ಕೆ ಮತ್ತೆ ಸುಣ್ಣದಕಲ್ಲಾಗುತ್ತದೆ. ಆ ಕೆಲಸ ನಡೆಯಬೇಕಾದರೆ ಮೈ ಸ್ವಲ್ಪ ತೇವ ಇರಲೇಬೇಕು. ಬೇಗ ಒಣಗಿದರೆ ಕುಗ್ಗಿ ಬಿರಿಯುತ್ತದೆ. ಎಡಭಾಗ ಕೆತ್ತಿ ಮತ್ತೆ ಹಚ್ಚಿದರು. ಆಮೇಲೆ ಬೆಳಿಗ್ಗೆ, ಸಂಜೆ ಸ್ಪ್ರೇ ಬಾಟಲಿಯಲ್ಲಿ ನೀರಿನ ಮಂಜು ಹೊಡೆಯುವುದು ನನ್ನ ಕೆಲಸವಾಯಿತು.

ಕೊನೆಯ ಪದರದ ಸಂಜೆ ಮರೆಯುವ ಹಾಗಿಲ್ಲ. ಲೈಟೆಲ್ಲ ಆರಿಸಿ, ಮೇಸ್ತ್ರಿ ಟಾರ್ಚನ್ನು ಗೋಡೆಗೆ ಕೆನ್ನೆ ಒರಗಿಸಿದ ಹಾಗೆ ಇಟ್ಟರು. ಹಗಲಲ್ಲಿ ಸಪಾಟಾಗಿ ಕಂಡ ಗೋಡೆ ಬೆಟ್ಟ ಕಣಿವೆ ಆಗಿಬಿಟ್ಟಿತು. ಕರಣೆಯ ಅಂಚನ್ನು ಒಂಚೂರು ಎತ್ತಿ, ಮೈಯನ್ನು ಒತ್ತಿ, ಭುಜದಿಂದ ದೊಡ್ಡ ಅರ್ಧಚಂದ್ರದ ಹಾಗೆ ಎಳೆದರು. ಟಾರ್ಚ್, ಕರಣೆ, ಮತ್ತೆ ಟಾರ್ಚ್. ಸುಣ್ಣ ಬಿಗಿಯಾಗುತ್ತಾ ಬಂದ ಹಾಗೆ ಕರಣೆಯ ಸದ್ದೂ ಬದಲಾಯಿತು. ಮೊದಲು ಬೆಣ್ಣೆ ಸವರಿದ ಹಾಗೆ, ಕೊನೆಗೆ ಕಲ್ಲಿನ ಮೇಲೆ ಚಾಕು ಮಸೆದ ಹಾಗೆ. “ಈ ಸದ್ದು ಬಂದ ಮೇಲೆ ನಿಲ್ಲಿಸಬೇಕು, ಇನ್ನೂ ಉಜ್ಜಿದರೆ ಕಪ್ಪಾಗುತ್ತೆ” ಅಂದರು. ಒಂದೆರಡು ಅಲೆ ಹಾಗೇ ಉಳಿದಿವೆ. ನಾನೇ ಇರಲಿ ಅಂದೆ. ಕೈ ಓಡಿದ ಗುರುತು ಅದು.

10ನೇ ವಾರ

ಬೆಳಿಗ್ಗೆ ಆರಕ್ಕೆ ಎದ್ದು ಬಂದರೆ ನೆಲದ ಮೇಲೆ ನಾಲ್ಕು ಹನಿ ನೀರು. ಎದೆ ಧಸಕ್ ಅಂದಿತು. ರಾತ್ರಿ ಮಳೆ ಬಂದಿರಲಿಲ್ಲ. ತಾರಸಿಗೆ ಹೋಗಿ ಕಟ್ಟೆಯ ಸುತ್ತ ಬಕೆಟ್ ಬಕೆಟ್ ನೀರು ಸುರಿದು ಒಂದು ಗಂಟೆ ಕಾದೆ. ಒಳಗೆ ಏನೂ ಇಲ್ಲ. ಮಾರನೇ ದಿನ ಏಣಿ ಹತ್ತಿ ಕೂತು ನೋಡಿದೆ. ಹನಿ ಹುಟ್ಟುತ್ತಿದ್ದುದು ಗಾಜಿನಲ್ಲಲ್ಲ, ಗಾಜಿನ ಸುತ್ತಲಿನ ಅಲ್ಯೂಮಿನಿಯಂ ಚೌಕಟ್ಟಿನ ಒಳಮೈಯಲ್ಲಿ. ಬೆಳಗಿನ ಜಾವ ಲೋಹ ತಣ್ಣಗಾಗುತ್ತದೆ. ಹಸಿ ಗೋಡೆ ಉಸಿರಾಡಿದ ತೇವವೆಲ್ಲ ಮೇಲೇರಿ ಅಲ್ಲಿ ಹನಿಯಾಗುತ್ತದೆ. ನಾನು ದಿನವೂ ಹೊಡೆದ ನೀರೇ ಅದು!

ಗಾರೆ ಒಣಗುತ್ತಾ ಬಂದ ಹಾಗೆ ಕಡಿಮೆಯಾಯಿತು. ಆದರೂ ಚೌಕಟ್ಟಿನ ಒಳ ಅಂಚಿಗೆ ಒಂದು ಸಣ್ಣ ಕಾಲುವೆ ಪಟ್ಟಿ ಹಾಕಿಸಿದೆ, ಕಟ್ಟೆಯ ಪಕ್ಕದಲ್ಲಿ ಗಾಳಿಗೆ ಬಲೆ ಹಾಕಿದ ಒಂದು ಸೀಳು ಬಿಡಿಸಿದೆ. ಬೆಳಕಿಂಡಿ ಮಾಡಿಸುವವರು ಇದನ್ನು ಮೊದಲೇ ಹೇಳಿ ಮಾಡಿಸಿಕೊಳ್ಳಿ, ಆಮೇಲೆ ಏಣಿ ಹತ್ತುವುದು ಕಷ್ಟ.

12ನೇ ವಾರ

ಅಟ್ಟದ ಹಲಗೆಗಳಿಗೆ ಮರುಜನ್ಮ, ಕೂರುವ ಕಟ್ಟೆಯಾಗಿ. ಜಪಾನಿನ ಇಬರಾಕಿಯಲ್ಲಿ ವಾಸ್ತುಶಿಲ್ಪಿ ತಡಾವೊ ಆಂಡೊ 1989ರಲ್ಲಿ ಕಟ್ಟಿದ ‘ಚರ್ಚ್ ಆಫ್ ದಿ ಲೈಟ್’ ನೆನಪಿತ್ತು. ಕಾಂಕ್ರೀಟ್ ಗೋಡೆಯಲ್ಲಿ ಶಿಲುಬೆ ಆಕಾರದ ಸೀಳು, ಮುಖ್ಯ ಬೆಳಕು ಅದರಿಂದಲೇ. ಅಲ್ಲಿ ನೆಲ, ಬೆಂಚುಗಳು ಸಾರುವೆ ಕಟ್ಟುವ ಸಾಮಾನ್ಯ ಹಲಗೆಗಳು, ಕಪ್ಪು ಬಣ್ಣ ಹಚ್ಚಿದವು. ಗೋಡೆ ಬೆಳಗಬೇಕಾದರೆ ಕೆಳಗಿನದು ಸುಮ್ಮನಿರಬೇಕು. ಬಡಗಿ ಮೇಲಿನ ಮಸಿ ಹೋಗುವಷ್ಟು ಮಾತ್ರ ತೋಪಡ ಹೊಡೆದರು. ಹಳೆಯ ಮೊಳೆ ತೂತುಗಳು ಹಾಗೇ ಇವೆ.

ಕೂರುವ ಕಟ್ಟೆಯ ಎತ್ತರಕ್ಕೆ ಪುಸ್ತಕ ಪೇರಿಸಿ ಅಮ್ಮನನ್ನು ಕೂರಿಸಿ ನೋಡಿದೆ. 16 ಇಂಚಿಗೆ ಏಳುವಾಗ ಮೊಣಕಾಲಿಗೆ ಕೈ ಊರಿದರು. 18ಕ್ಕೆ ಊರಲಿಲ್ಲ. 18 ಅಂತ ಬರೆದುಕೊಂಡೆ.

14ನೇ ವಾರ

ಅದೇ ಸ್ಟೂಲ್, ಅದೇ ಫೋನ್. ಮೋಡದ ದಿನ ಮಧ್ಯಾಹ್ನ 12ಕ್ಕೆ 410 ಲಕ್ಸ್. ಬಾಗಿಲ ಹತ್ತಿರ ಮಾತ್ರ ಇನ್ನೂ 120ರ ಆಸುಪಾಸು. ಬಾಗಿಲ ಮೇಲಿನ ಗೋಡೆಯಲ್ಲಿ ಹಾಲ್ ಕಡೆಗೆ ಒಂದು ಗಾಜಿನ ಪಟ್ಟಿ ಕೂರಿಸಬೇಕು, ಮುಂದಿನ ಕೆಲಸ ಅದು.

ಬಿಸಿಲಿನ ದಿನ ಹನ್ನೊಂದೂವರೆ ದಾಟಿದ ಮೇಲೆ ಗೋಡೆಯ ಬಲತುದಿಯಲ್ಲಿ ಒಂದು ಚೂಪು ಬಿಸಿಲಕೋಲು ಇಳಿಯುತ್ತದೆ. ಮೇಸ್ತ್ರಿಯ ಕೈ ಓಡಿದ ಅಲೆಗಳ ಮೇಲೆ ಹಾದುಹೋಗುವಾಗ ಅದರ ಅಂಚು ಒಂಚೂರು ನಡುಗಿದ ಹಾಗೆ ಕಾಣುತ್ತದೆ. ನಿನ್ನೆ ಅಮ್ಮ ಅಲ್ಲಿ ಪೇಪರ್ ಓದುತ್ತಿದ್ದರು. ಬಿಸಿಲು ಪುಟದ ಮೇಲೆ ಬಂದಾಗ ಏಳಲಿಲ್ಲ, ಒಂದು ಗೇಣು ಪಕ್ಕಕ್ಕೆ ಸರಿದು ಕೂತು ಪುಟ ತಿರುಗಿಸಿದರು.