ಡ್ಯಾಡೋ ಬ್ಲೇಡ್ ಕೊಳ್ಳುವ ಮೊದಲು ನಿಮ್ಮ ಟೇಬಲ್ ಸಾ ನೋಡಿ

ಅಮೆರಿಕದ ನಾರ್ತ್ ಕೆರೊಲಿನಾದ ಒಂದು ಕ್ಯಾಬಿನೆಟ್ ಶಾಪ್‌ನಲ್ಲಿ ನನ್ನ ಕೆಲಸ. ಅಡುಗೆಮನೆಯ ಕಪಾಟು, ಪುಸ್ತಕದ ಷೆಲ್ಫ್, ಡ್ರಾಯರ್, ದಿನವೂ ಇದೇ. ಇಲ್ಲಿನ ಕನ್ನಡದ ಗೆಳೆಯರಲ್ಲಿ ಗ್ಯಾರೇಜಿನಲ್ಲೇ ಮರಗೆಲಸ ಮಾಡುವವರಿದ್ದಾರೆ. ಟೇಬಲ್ ಸಾ (ಮೇಜಿನ ನಡುವಿಂದ ಗುಂಡು ಬ್ಲೇಡ್ ಮೇಲೆದ್ದು ಮರ ಕೊಯ್ಯುವ ಮಷೀನು) ಮನೆಗೆ ಬಂದ ಸ್ವಲ್ಪ ದಿನಕ್ಕೆ ಅವರಿಂದ ಫೋನ್ ಬರುತ್ತದೆ: "ಡ್ಯಾಡೋ ಸೆಟ್ ತಗೋಬೇಕು, ಯಾವ ಕಂಪನಿದು ಒಳ್ಳೇದು?" ನಾನು ತಿರುಗಿ ಕೇಳುವುದು ಎರಡೇ ಮಾತು. ನಿಮ್ಮ ಸಾ ಯಾವ ಮಾಡೆಲ್? ಅದರಲ್ಲಿ ಏನು ಮಾಡಬೇಕು ಅಂತಿದ್ದೀರಿ? ಕಂಪನಿ ಹೆಸರು ಆಮೇಲೆ ನೋಡೋಣ.

ಗೊತ್ತಿಲ್ಲದವರಿಗೆ ಒಂದು ಮಾತು. ಷೆಲ್ಫಿನ ಹಲಗೆ ಪಕ್ಕದ ಹಲಗೆಯೊಳಗೆ ಕೂರಲಿ ಅಂತ ಕೊರೆಯುವ ಅಗಲವಾದ ಕಚ್ಚು ಇದೆಯಲ್ಲ, ಅದೇ ಡ್ಯಾಡೋ. ಅದನ್ನು ಕೊರೆಯುವ ಡ್ಯಾಡೋ ಸೆಟ್‌ನಲ್ಲಿ ಎರಡು ಹೊರಬ್ಲೇಡು, ನಡುವೆ ಚಿಪ್ಪರ್ ಎಂಬ ಕೆಲವೇ ಹಲ್ಲಿನ ಬ್ಲೇಡುಗಳು, ಜೊತೆಗೆ ಶಿಮ್ ಎಂಬ ತೆಳ್ಳನೆಯ ಬಿಲ್ಲೆಗಳು. ಇಷ್ಟನ್ನೂ ಒಟ್ಟಿಗೆ ಪೇರಿಸಿ ಒಂದೇ ಸಲಕ್ಕೆ ಅಗಲವಾಗಿ ಕೊರೆಯುತ್ತೇವೆ.

ಇಷ್ಟೆಲ್ಲ ಪೇರಿಸಲು ಆರ್ಬರ್ ಉದ್ದ ಇರಬೇಕು. ಆರ್ಬರ್ ಅಂದರೆ ಬ್ಲೇಡ್ ಕೂರುವ ಕಬ್ಬಿಣದ ದಂಡ. ಬ್ಲೇಡುಗಳೆಲ್ಲ ಕೂತ ಮೇಲೂ ನಟ್‌ಗೆ ಪೂರ್ತಿ ಥ್ರೆಡ್ ಸಿಗಬೇಕು. ಅರ್ಧಂಬರ್ಧ ಸಿಕ್ಕಿದರೆ ಆ ಅಗಲ ನಿಮ್ಮ ಮಷೀನಿಗೆ ಆಗುವುದಿಲ್ಲ, ಅಷ್ಟೇ. ಡಿವಾಲ್ಟ್ ಕಂಪನಿಯ 10 ಇಂಚಿನ (ಇದು ಬ್ಲೇಡಿನ ವ್ಯಾಸ) ಡಿಡಬ್ಲ್ಯುಇ7491 ಮಾಡೆಲ್ 13/16 ಇಂಚು ಅಗಲದವರೆಗೆ ಡ್ಯಾಡೋ ತಗೊಳ್ಳುತ್ತದೆ. ಅದೇ ಕಂಪನಿಯ 8-1/4 ಇಂಚಿನ ಡಿಡಬ್ಲ್ಯುಇ7485 ಡ್ಯಾಡೋಗೆ ಆಗುವುದೇ ಇಲ್ಲ. ನೋಡಲು ಎರಡೂ ಅಣ್ಣತಮ್ಮಂದಿರ ಹಾಗಿವೆ, ಅದಕ್ಕೇ ಮ್ಯಾನುಯಲ್ ತೆರೆದು ನೋಡಿ ಅನ್ನುತ್ತೇನೆ. ಸಾಸ್ಟಾಪ್ (ಬೆರಳು ತಾಗಿದ ಕೂಡಲೇ ಬ್ಲೇಡ್ ನಿಲ್ಲಿಸುವ ಬ್ರೇಕ್ ಇರುವ ಟೇಬಲ್ ಸಾ) ಇರುವವರು ಇನ್ನೊಂದು ಖರ್ಚು ಲೆಕ್ಕ ಹಾಕಬೇಕು. ಮಾಮೂಲಿ ಬ್ರೇಕ್ ಕಾರ್ಟ್ರಿಜ್ ನಡೆಯುವುದಿಲ್ಲ, ಡ್ಯಾಡೋಗೆ ಬೇರೆ ಕಾರ್ಟ್ರಿಜ್ ಬೇಕು. ಅದು 8 ಇಂಚಿನ ಸೆಟ್‌ಗೆಂದೇ ಮಾಡಿದ್ದು.

ಊರಲ್ಲಿರುವ ಗೆಳೆಯರೂ ಕೇಳುತ್ತಾರೆ. ಅವರಿಗೆ ನಾನು ಹೇಳುವುದು ಇದು. ಯೂರೋಪಿನ ನಮೂನೆಯ ಬಹಳಷ್ಟು ಸಣ್ಣ ಟೇಬಲ್ ಸಾಗಳ ಆರ್ಬರ್ ಗಿಡ್ಡ. ಅವನ್ನು ಡ್ಯಾಡೋಗೆ ಅಂತ ಮಾಡಿಲ್ಲ. ಅಂಥದ್ದಕ್ಕೆ ಹೇಗೋ ಹೊಂದಿಸಲು ಹೋಗಬೇಡಿ. ರೌಟರ್‌ಗೆ (ಕೈಯಲ್ಲಿ ಹಿಡಿದು ಮರ ಕೊರೆಯುವ ಮಷೀನು) ಸ್ಟ್ರೇಟ್ ಬಿಟ್ ಹಾಕಿ, ನೇರವಾದ ಪಟ್ಟಿಯೊಂದನ್ನು ಕ್ಲ್ಯಾಂಪ್ ಮಾಡಿಕೊಂಡು ಹೊಡೆದರೆ ಅದೇ ಕಚ್ಚು ಬರುತ್ತದೆ.

ಇನ್ನು ಸೆಟ್‌ನ ಬ್ಲೇಡು 6 ಇಂಚಿನದೋ 8 ಇಂಚಿನದೋ? 10 ಇಂಚಿನ ಸಾ ಮೇಲೆ 10 ಇಂಚಿನ ಬ್ಲೇಡ್ ಸುಮಾರು 3-1/8 ಇಂಚು ಆಳ ಕತ್ತರಿಸುತ್ತದೆ. ಅದೇ ಲೆಕ್ಕದಲ್ಲಿ 8 ಇಂಚಿನ ಡ್ಯಾಡೋ ಎರಡು ಇಂಚು ಚಿಲ್ಲರೆ, 6 ಇಂಚಿನದು ಒಂದು ಇಂಚು ಚಿಲ್ಲರೆ ಮೇಲೇಳುತ್ತದೆ. ಕಪಾಟಿನ ಕಚ್ಚಿಗೆ ಬೇಕಾಗುವುದು ಕಾಲು ಇಂಚು, ಜಾಸ್ತಿ ಅಂದರೆ 3/8. ಹಾಗಾಗಿ 15 ಆಂಪ್‌ನ ಮನೆಯ ಮಷೀನಿಗೆ 6 ಇಂಚಿನ ಸೆಟ್ ಸಾಕು. ತೂಕ ಕಮ್ಮಿ, ಮೋಟರ್ ಸ್ಟಾರ್ಟ್ ಆಗುವಾಗ ಏದುಸಿರು ಬಿಡುವುದಿಲ್ಲ, ದುಡ್ಡೂ ಉಳಿಯುತ್ತದೆ.

ಆದರೆ ಸ್ಲೆಡ್ (ಮರ ಇಟ್ಟು ಬ್ಲೇಡಿನ ಮೇಲೆ ತಳ್ಳುವ ಜಾರುಹಲಗೆ) ಬಳಸುವವರು ಒಂದು ನಿಮಿಷ ಯೋಚನೆ ಮಾಡಿ. ಸ್ಲೆಡ್ಡಿನ ತಳ ಮುಕ್ಕಾಲು ಇಂಚಿನ ಪ್ಲೈವುಡ್ ಆದರೆ ಬ್ಲೇಡು ಮೊದಲು ಅದನ್ನು ದಾಟಬೇಕು. 6 ಇಂಚಿನ ಸೆಟ್‌ನಲ್ಲಿ ಆಮೇಲೆ ಉಳಿಯುವುದು ಸುಮಾರು 3/8 ಇಂಚು ಮಾತ್ರ. ದಪ್ಪ ಹಲಗೆಗೆ ಬಾಕ್ಸ್ ಜಾಯಿಂಟ್ (ಬೆರಳು ಹೆಣೆದ ಹಾಗಿನ ಮೂಲೆ ಜೋಡಣೆ) ಮಾಡಲು, ಟೆನನ್ (ಇನ್ನೊಂದು ಮರದ ತೂತಿಗೆ ಕೂರುವ ನಾಲಿಗೆ) ಕೊರೆಯಲು ಅದು ಸಾಲದು. ಅಂಥವರಿಗೆ, ಮಷೀನು ಒಪ್ಪಿದರೆ, 8 ಇಂಚೇ ಸರಿ.

ಪ್ಲೈವುಡ್ಡಿನ ದಪ್ಪ ನಂಬಬೇಡಿ. ಇಲ್ಲಿನ ಅಂಗಡಿಯಲ್ಲಿ ಮುಕ್ಕಾಲು ಇಂಚು ಅಂತ ಕೊಡುವುದು ಸಾಮಾನ್ಯವಾಗಿ 23/32 ಇಂಚು, ಅಂದರೆ 18 ಮಿ.ಮೀ. ಆಸುಪಾಸು. ಮುಕ್ಕಾಲು ಇಂಚಿನ ಕಚ್ಚು ಹೊಡೆದರೆ ಷೆಲ್ಫ್ ಲಟಲಟ ಅನ್ನುತ್ತದೆ. ಪೇರಿಸುವ ಲೆಕ್ಕ ಹೀಗೆ: ಹೊರಬ್ಲೇಡು ಎರಡೂ ಸೇರಿ ಕಾಲು ಇಂಚು. 1/8ರ ಚಿಪ್ಪರ್ ಮೂರು, 1/16ರದ್ದು ಒಂದು ಹಾಕಿದರೆ 11/16 ಆಯಿತು. ಇನ್ನೂ ಬೇಕಾದದ್ದು 1/32. ಇಲ್ಲಿ ಬರುತ್ತವೆ ಶಿಮ್‌ಗಳು. 0.020 ಇಂಚಿನದೊಂದು, 0.012ರದೊಂದು ಸೇರಿಸಿದರೆ 0.032, ಕೂದಲೆಳೆಯಷ್ಟು ಹೆಚ್ಚು. ಶಿಮ್‌ಗಳನ್ನು ಒಂದೇ ಕಡೆ ತುರುಕದೆ ಚಿಪ್ಪರ್‌ಗಳ ನಡುವೆ ಹಂಚಿ. ಚೂರು ಮರದಲ್ಲಿ ಕೊರೆದು, ಅದೇ ಪ್ಲೈವುಡ್ ತುಂಡನ್ನು ಕೈಯಿಂದ ಒತ್ತಿ ನೋಡಿ. ಸುತ್ತಿಗೆಯಿಂದ ಬಡಿದರೆ ಮಾತ್ರ ಕೂರುವುದಾದರೆ ಬಿಗಿ ಜಾಸ್ತಿಯಾಯಿತು. ಅಂಟು ಹಚ್ಚಿದಾಗ ಮರ ಉಬ್ಬುತ್ತದೆ, ಆಗ ಒಳಗೆ ಹೋಗುವುದೇ ಕಷ್ಟ. ಸೆಟ್ ಜೊತೆ ಶಿಮ್ ಬರುತ್ತದಾ ಅಂತ ಕೊಳ್ಳುವಾಗಲೇ ಕೇಳಿ.

ಅಗ್ಗಕ್ಕೆ ಸಿಗುವ ವಾಬಲ್ ಡ್ಯಾಡೋ ನಾನು ಯಾರಿಗೂ ಹೇಳುವುದಿಲ್ಲ. ಒಂದೇ ಬ್ಲೇಡು ಓರೆಯಾಗಿ ತಿರುಗುತ್ತಾ ಅಗಲ ಕೊರೆಯುತ್ತದೆ. ಅಗಲ ಹೆಚ್ಚಾದಂತೆ ಕಚ್ಚಿನ ತಳ ಬಾಗುತ್ತದೆ. ಚೂರು ಹಲಗೆಯಲ್ಲಿ ಕೊರೆದು, ಕಚ್ಚಿನ ತಳಕ್ಕೆ ಸಣ್ಣ ಉಕ್ಕಿನ ಸ್ಕೇಲ್ ಇಟ್ಟು ಬೆಳಕಿಗೆ ಹಿಡಿಯಿರಿ, ಕೆಳಗಿಂದ ಬೆಳಕು ಕಾಣುತ್ತದೆ. ಪೇರಿಸುವ ಸೆಟ್‌ನಲ್ಲೂ ತಳದ ಎರಡು ಮೂಲೆಯಲ್ಲಿ ಸಣ್ಣ ಗೀರು ಬೀಳಬಹುದು, ಹೊರಬ್ಲೇಡಿನ ಹಲ್ಲು ಚೂಪಾಗಿರುವುದರಿಂದ. ಅದು ತೊಂದರೆ ಅಲ್ಲ, ಆ ಚೂಪೇ ಮೇಲಿನ ವೆನೀರ್ (ತೆಳುಮರದ ಪದರ) ಏಳದಂತೆ ಮೊದಲು ಕತ್ತರಿಸುವುದು. ಪ್ಲೈವುಡ್ ಕೆಲಸವೇ ಜಾಸ್ತಿ ಅಂದರೆ ಹೊರಬ್ಲೇಡಿಗೆ ಹೆಚ್ಚು ಹಲ್ಲಿರುವ ಸೆಟ್ ನೋಡಿ.

ಸುರಕ್ಷತೆ ಬಗ್ಗೆ ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಡ್ಯಾಡೋ ಹಾಕುವಾಗ ಗಾರ್ಡ್ (ಬ್ಲೇಡಿನ ಮುಚ್ಚಳ), ರೈವಿಂಗ್ ನೈಫ್ (ಬ್ಲೇಡಿನ ಹಿಂದೆ ನಿಲ್ಲುವ ತಗಡು) ಎರಡೂ ತೆಗೆಯಬೇಕಾಗುತ್ತದೆ. ಕೆಲಸ ಮುಗಿದ ಕೂಡಲೇ ವಾಪಸ್ ಹಾಕಿ, ನಾಳೆಗೆ ಅಂತ ಬಿಡಬೇಡಿ. ಬ್ಲೇಡ್ ಬದಲಿಸುವ ಮೊದಲು ಪ್ಲಗ್ ಕೀಳಿ. ಚಿಪ್ಪರಿನ ಹಲ್ಲು ಹೊರಬ್ಲೇಡಿನ ಹಲ್ಲಿಗೆ ತಾಗದೆ, ಎರಡು ಹಲ್ಲಿನ ನಡುವಿನ ಸಂದಿಗೆ ಬರುವಂತೆ ಜೋಡಿಸಿ. ಡ್ಯಾಡೋಗೆ ಬೇರೆ ಥ್ರೋಟ್ ಪ್ಲೇಟ್ (ಬ್ಲೇಡಿನ ಸುತ್ತ ಮೇಜಿನ ಮೇಲೆ ಕೂರುವ ತಟ್ಟೆ) ಬೇಕು, ಅದನ್ನೂ ಖರ್ಚಿಗೆ ಸೇರಿಸಿಕೊಳ್ಳಿ. ಸಾಧಾರಣ ಕಟಿಂಗ್‌ನಲ್ಲಿ ಫೆನ್ಸ್ (ಬ್ಲೇಡಿಗೆ ಸಮಾನಾಂತರವಾದ ಅಂಚುಪಟ್ಟಿ), ಮೈಟರ್ ಗೇಜ್ (ಮರವನ್ನು ಅಡ್ಡ ಹಿಡಿದು ತಳ್ಳುವ ಸಾಧನ) ಎರಡನ್ನೂ ಒಟ್ಟಿಗೆ ಬಳಸಬಾರದು, ಕಳಚಿದ ತುಂಡು ಸಿಕ್ಕಿಕೊಂಡು ಹಿಂದಕ್ಕೆ ಸಿಡಿಯುತ್ತದೆ. ಡ್ಯಾಡೋದಲ್ಲಿ ತುಂಡು ಕಳಚುವುದಿಲ್ಲ, ಅದಕ್ಕೇ ಅಲ್ಲಿ ಎರಡನ್ನೂ ಬಳಸಬಹುದು.

ಎಂಟಡಿಯ ಬೀರುವಿನ ಪಕ್ಕದ ಹಲಗೆಗೆ ಅಡ್ಡ ಕಚ್ಚು ಬೇಕಾದರೆ, ಸೆಟ್ ಕೈಯಲ್ಲಿದ್ದರೂ ಸಣ್ಣ ಟೇಬಲ್ ಮೇಲೆ ಅದನ್ನು ಓಡಿಸಬೇಡಿ. ಉದ್ದ ಹಲಗೆ ಅಲ್ಲಾಡಿದರೆ ಕಚ್ಚು ವಾಲುತ್ತದೆ, ಕೈಯೂ ಹತೋಟಿ ತಪ್ಪುತ್ತದೆ. ಹಲಗೆಯನ್ನು ಬೆಂಚಿನ ಮೇಲೆ ಮಲಗಿಸಿ ರೌಟರ್ ತಗೊಳ್ಳಿ. ಇನ್ನು, ಡ್ರಾಯರ್‌ಗೆ ಬಾಕ್ಸ್ ಜಾಯಿಂಟ್ ಮಾತ್ರ ಸಾಕು ಅನ್ನುವವರು ಪೂರ್ತಿ ಡ್ಯಾಡೋ ಸೆಟ್ ಬಿಟ್ಟು, ಬಾಕ್ಸ್ ಜಾಯಿಂಟ್‌ಗೆಂದೇ ಬರುವ ಎರಡು ಬ್ಲೇಡಿನ ಸೆಟ್ ಕೇಳಿ. ಒಂದು ರೀತಿ ಜೋಡಿಸಿದರೆ ಕಾಲು ಇಂಚು, ತಿರುಗಿಸಿ ಜೋಡಿಸಿದರೆ 3/8. ತಳವೂ ಚಪ್ಪಟೆ ಬರುತ್ತದೆ.