ಕೂಸಿನ ಬಟ್ಟೆಗೆ ಒಳಮೈಯೇ ಮುಖ

ಕೂಸಿನ ಬಟ್ಟೆ ಕೈಗೆ ಬಂದರೆ ನಾನು ಮೊದಲು ಅದನ್ನು ತಿರುವಿ ಒಳಬದಿ ನೋಡುತ್ತೇನೆ. ಹೊರಗೆ ಎಷ್ಟೇ ಚೆಂದವಿರಲಿ, ಒಳಗೆ ದಾರದ ಗಂಟು, ಬಿರುಸು ಅಂಚು, ಚುಚ್ಚುವ ಜರಿ ಇದ್ದರೆ ಅದನ್ನು ಎಳೆಯ ಮೈಗೆ ಹಾಕಲು ನನಗೆ ಮನಸ್ಸಾಗುವುದಿಲ್ಲ. ಈಚೆಗೆ ತಂಗಿಯ ಮಗಳು ಬಾಣಂತನಕ್ಕೆ ಧಾರವಾಡಕ್ಕೆ ಬಂದಳು. ತೊಟ್ಟಿಲಿಗೆ ಹಾಕುವ ದಿನಕ್ಕೆ ಕೊಡಬೇಕಾದದ್ದನ್ನೆಲ್ಲ ಕೈಯಾರೆ ಹೊಲಿಯುವುದೆಂದು ಆಗಲೇ ನಿಶ್ಚಯಿಸಿದೆ.

ಜಬಲಗಳಿಗೆ, ಅಂದರೆ ಎಳೆಗೂಸಿನ ಅಂಗಿಗಳಿಗೆ, ಹುಬ್ಬಳ್ಳಿಯಿಂದ ತೆಳುವಾದ ಖಾದಿ ತಂದೆ. ರಾಷ್ಟ್ರಧ್ವಜ ಸಿದ್ಧವಾಗುವ ಬೆಂಗೇರಿ ಇರುವ ಊರು ಅದು. ಖಾದಿಗೆ ಬೇರೆಲ್ಲಿಗೆ ಹೋಗಲಿ? ಖಾದಿ ನೀರು ಕಂಡರೆ ಕುಗ್ಗುತ್ತದೆ. ಅದಕ್ಕೇ ಮೊದಲು ಒಗೆದು, ಗಂಜಿಯೆಲ್ಲ ಬಿಟ್ಟು ಮೆತ್ತಗಾದ ಮೇಲೆಯೇ ಕತ್ತರಿ ಹಾಕಿದೆ. ಮುಂದೆ ತೆರೆದುಕೊಳ್ಳುವ, ಪಕ್ಕದಲ್ಲಿ ಕಸೆ ಕಟ್ಟುವ ಅಂಗಿ. ಗುಂಡಿ ಇಲ್ಲ. ಹೊಲಿಗೆಯ ಅಂಚುಗಳನ್ನೆಲ್ಲ ಹೊರಗೆ ಬಿಟ್ಟಿದ್ದೇನೆ.

“ದೊಡ್ಡವ್ವ, ಉಲ್ಟಾ ಹಾಕಿದೆನೇನು?” ಎಂದು ಬಾಣಂತಿ ಕೇಳಿದಳು.

“ಇಲ್ಲವ್ವ, ಹೊಲಿದದ್ದೇ ಹಾಗೆ. ಒಳಗೆ ಕೈಯಾಡಿಸಿ ನೋಡು” ಎಂದೆ.

ನನ್ನ ಪ್ರೀತಿಯೆಲ್ಲ ಸುರಿದದ್ದು ಮಾತ್ರ ಕುಂಚಿಗೆಗೆ. ತಲೆಗೆ ಟೊಪ್ಪಿಗೆಯಾಗಿ ಬೆನ್ನಿನ ಮೇಲೆ ಇಳಿಬಿದ್ದಿರುವ ಕುಂಚಿಗೆಯಲ್ಲಿ ಕೂಸನ್ನು ಎತ್ತಿಕೊಂಡರೆ ಮನೆಗೇ ಕಳೆ ಬರುತ್ತದೆ. ಹೊರಗೆ ರವಿಕೆಗೆ ಬಳಸುವ ಗುಳೇದಗುಡ್ಡದ ಖಣವೇ ಬೇಕು, ಅದರಲ್ಲಿ ನನ್ನದು ಹಟ. ಆದರೆ ಖಣದ ಹಿಂಬದಿಯನ್ನು ಬೆಳಕಿಗೆ ಹಿಡಿದು ನೋಡಿ: ಮುಂದೆ ಹೂವಾಗಿ ಕಾಣುವ ಎಳೆಗಳು ಹಿಂದೆ ಸಡಿಲವಾಗಿ ಹಾಯ್ದಿರುತ್ತವೆ. ಕೂಸಿನ ಬೆರಳು ಅದರಲ್ಲಿ ಸಿಕ್ಕಿಕೊಂಡರೆ? ಅದಕ್ಕೆ ಒಳಗೆ ಅಪ್ಪನ ಹಳೆಯ ಧೋತರದ ಅಸ್ತರು ಕೊಟ್ಟೆ. ವರ್ಷಗಟ್ಟಲೆ ಒಗೆದ ಧೋತರಕ್ಕೆ ಇರುವ ಮೆದು ಯಾವ ಹೊಸ ಬಟ್ಟೆಗೂ ಬರುವುದಿಲ್ಲ. ಕೆಂಪು ಖಣ ಬಣ್ಣ ಬಿಡುತ್ತದೆಯೇ ಎಂದು ಒಂದು ಮೂಲೆಯನ್ನು ಬಿಳಿ ಬಟ್ಟೆಯೊಂದಿಗೆ ನೆನೆಸಿಟ್ಟು ನೋಡಿಯೇ ಮುಂದುವರಿದೆ. ತುದಿಗೆ ಮಣಿ, ಗೊಂಡೆ ಹಚ್ಚಲಿಲ್ಲ. ಕಿತ್ತು ಬಂದದ್ದು ನೇರ ಬಾಯಿಗೇ ಹೋಗುತ್ತದೆ. ಗದ್ದದ ಕೆಳಗೆ ಕಟ್ಟುವ ಕಸೆ ಎತ್ತಿಕೊಂಡಾಗಷ್ಟೇ. ಮಲಗಿಸುವಾಗ ಕುಂಚಿಗೆ ತೆಗೆಯಲೇಬೇಕೆಂದು ಮನೆಯವರೆಲ್ಲರಿಗೂ ಹೇಳಿಟ್ಟಿದ್ದೇನೆ.

ಜಬಲದ ಅಂಚಿಗೆ ಕಸೂತಿ ಹಾಕಿದೆ, ಅದರಲ್ಲೂ ಬರೀ ಗವಂತಿ ಎಂಬ ಹೊಲಿಗೆ. ನಮ್ಮ ಕಡೆಯ ಈ ಕಸೂತಿ ಕೂಸಿನ ಬಟ್ಟೆಗೆಂದೇ ಹುಟ್ಟಿದಂತಿದೆ ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ. ಬಟ್ಟೆಯ ಮೇಲೆ ಗೆರೆ ಎಳೆಯುವುದಿಲ್ಲ, ಎಳೆ ಎಣಿಸಿಕೊಂಡು ಸೂಜಿ ಹಾಕುತ್ತ ಹೋಗುವುದು. ಹೋಗುವಾಗ ಬಿಟ್ಟ ಜಾಗವನ್ನು ಬರುವಾಗ ತುಂಬುವುದು. ದಾರಕ್ಕೆ ಗಂಟು ಹಾಕುವಂತಿಲ್ಲ. ಮುಗಿದಾಗ ಒಳಗೂ ಹೊರಗೂ ಒಂದೇ ಗೆರೆ. ಕಸೂತಿಯದೇ ಇನ್ನೊಂದು ಬಗೆಯಾದ ಮೆಂತೆ ಹೊಲಿಗೆ ತುಂಬಿಕೊಂಡು ಕಂಡರೂ ಅದರ ಹಿಂಬದಿ ಹೀಗೆ ನುಣುಪಾಗಿರುವುದಿಲ್ಲ. ಅದು ಸೀರೆಯ ಸೆರಗಿಗಿರಲಿ.

ಕೌದಿಯನ್ನು ಅವ್ವನ ಹಳೆಯ ಇಳಕಲ್ ಸೀರೆಗಳಿಂದ ಹೊಲಿದೆ. ಅದು ಕೂಸನ್ನು ನೆಲದ ಮೇಲೆ ಆಡಿಸುವಾಗ ಕೆಳಗೆ ಹಾಸಲು, ನಾವು ಎಚ್ಚರವಾಗಿ ಪಕ್ಕದಲ್ಲಿರುವಾಗ. ವರ್ಷ ತುಂಬುವವರೆಗೆ ಮಲಗಿದ ಕೂಸಿನ ಮೇಲೆ ದಪ್ಪ ಹೊದಿಕೆ ಬೇಡ, ಮುಖದ ಮೇಲೆ ಜಾರಿದರೆ ಸರಿಸಿಕೊಳ್ಳಲು ಅದಕ್ಕೆ ಬರುವುದಿಲ್ಲ.

ಜಬಲಗಳು ಬೇಗ ಗಿಡ್ಡವಾಗುತ್ತವೆ, ಅದಕ್ಕೇನೂ ಮಾಡುವಂತಿಲ್ಲ. ಕುಂಚಿಗೆಯ ಅಂಚಿನಲ್ಲಿ ಮಾತ್ರ ಎರಡು ಬೆರಳಿನಷ್ಟು ಬಟ್ಟೆಯನ್ನು ಒಳಗೆ ಮಡಿಚಿ, ಬಿಚ್ಚಲು ಬರುವಂತೆ ದೊಡ್ಡ ಟಾಕು ಹಾಕಿದ್ದೇನೆ. ಕೂಸಿನ ತಲೆ ದೊಡ್ಡದಾದಾಗ ಆ ದಾರ ಎಳೆದರೆ ಸಾಕು, ಬರುವ ಚಳಿಗೂ ಆಗುತ್ತದೆ.