ಬೆಟ್ಟ ನೋಡಲು ಪೋಖರಾಕ್ಕೆ ಹೋಗಿ

ಕೋಣೆಯ ಕಿಟಕಿಯಿಂದಲೇ ಹಿಮದ ಬೆಟ್ಟ ಕಾಣುತ್ತದೆ ಎಂದು ನೇಪಾಳದ ಪೋಖರಾದ ಹೋಟೆಲಿನವರು ಹೇಳಿದ್ದರು. ಅದಕ್ಕೆಂದೇ ಜಾಸ್ತಿ ದುಡ್ಡೂ ತೆಗೆದುಕೊಂಡಿದ್ದರು. ಪರದೆ ಸರಿಸಿದರೆ ಕಂಡದ್ದು ಪಕ್ಕದ ಮನೆಯ ನೀರಿನ ಟ್ಯಾಂಕ್, ಅದರ ಹಿಂದೆ ಬಿಳಿ ಮೋಡ. ಸೆಪ್ಟೆಂಬರ್ ಕೊನೆಯ ವಾರ. ಮಳೆಗಾಲ ಇನ್ನೂ ಪೂರ್ತಿ ಕಾಲ್ತೆಗೆದಿರಲಿಲ್ಲ. ಆ ಹೊತ್ತಿಗೆ ಹೋದದ್ದು ನನ್ನದೇ ತಪ್ಪು ಅನ್ನಿ.

ಲೆಕ್ಕದ ಪ್ರಕಾರ ಅಲ್ಲಿ ಬೆಟ್ಟ ತಪ್ಪಿಸಿಕೊಳ್ಳುವ ಹಾಗೇ ಇಲ್ಲ. ಪೋಖರಾ ಇರುವುದು ಸುಮಾರು 800 ಮೀಟರ್ ಎತ್ತರದಲ್ಲಿ. ಅಲ್ಲಿಂದ ಉತ್ತರಕ್ಕೆ ಬರೀ 25-30 ಕಿಲೋಮೀಟರ್ ದೂರದಲ್ಲಿ 6,993 ಮೀಟರಿನ ಮಾಛಾಪುಚ್ಛ್ರೆ. ಅದರಾಚೆ 8,091 ಮೀಟರಿನ ಅನ್ನಪೂರ್ಣ. ನಡುವೆ ಅಡ್ಡ ಬರುವಂಥ ದೊಡ್ಡ ಸಾಲುಗಳಿಲ್ಲ. ಹಾಗಾಗಿ ಮುಂಗಾರಿನ ಮೋಡಗಳು ಸೀದಾ ಬಂದು ಈ ಗೋಡೆಗೆ ಗುದ್ದಿ, ಮೇಲೇರಿ, ಸುರಿಯುತ್ತವೆ. ಹತ್ತಿರದ ಲುಮ್ಲೆಯಲ್ಲಿ ವರ್ಷಕ್ಕೆ 5,000 ಮಿ.ಮೀ.ಗಿಂತ ಹೆಚ್ಚು ಮಳೆ. ಬೆಟ್ಟ ಅಷ್ಟು ಹತ್ತಿರ ಇರುವುದಕ್ಕೇ ನನಗೆ ಕಾಣಲಿಲ್ಲ. ಒಳ್ಳೆ ತಮಾಷೆ ಅಲ್ವಾ?

ಬೇರೆ ಕೆಲಸವಿಲ್ಲದೆ ಫೇವಾ ಸರೋವರಕ್ಕೆ ಹೋದೆ. ಅಲ್ಲಿ ದೋಣಿಗೆ ಡುಂಗಾ ಅನ್ನುತ್ತಾರೆ. ಬಣ್ಣ ಬಳಿದ ಉದ್ದನೆಯ ಮರದ ದೋಣಿ. ನಡುಗಡ್ಡೆಯಲ್ಲಿ ತಾಲ್ ಬಾರಾಹಿ ಗುಡಿ. ಹುಟ್ಟು ಹಾಕುತ್ತಿದ್ದವನು ಒಂದು ಕಥೆ ಹೇಳಿದ. ಹಿಂದೆ ಇಲ್ಲಿ ಊರಿತ್ತಂತೆ. ದೇವಿ ಭಿಕ್ಷುಕಿಯ ವೇಷದಲ್ಲಿ ಬಂದಳಂತೆ. ಒಂದೇ ಒಂದು ಮನೆಯವರು ಅನ್ನ ಹಾಕಿದರು. ಉಳಿದ ಊರೆಲ್ಲ ನೀರಿನಲ್ಲಿ ಮುಳುಗಿತು, ಆ ಮನೆ ಇದ್ದ ಜಾಗವೇ ಈ ನಡುಗಡ್ಡೆ.

ಇಂಥ ಕಥೆ ಎಷ್ಟೋ ಕೆರೆಗಳಿಗಿದೆ ಎಂದು ಸುಮ್ನೆ ತಲೆಯಾಡಿಸಿದೆ. ಭೂವಿಜ್ಞಾನಿಗಳು ಹೇಳುವುದನ್ನು ಓದಿದ ಮೇಲೆ ಅಷ್ಟು ಹಗುರ ಮಾಡಬಾರದಿತ್ತು ಅನ್ನಿಸಿತು. ಮಾಛಾಪುಚ್ಛ್ರೆಯ ಬೆನ್ನಿಗೆ ಸಾಬ್ಚೆ ಎಂಬ ಬೋಗುಣಿಯಂಥ ಕಣಿವೆ ಇದೆ. ಮಧ್ಯಯುಗದ ದೊಡ್ಡ ಭೂಕಂಪಗಳ ಕಾಲಕ್ಕೆ ಅಲ್ಲಿಂದ ಬಂಡೆ, ಜಲ್ಲಿ, ಕೆಸರು ಸೇತಿ ನದಿಯಲ್ಲಿ ನುಗ್ಗಿ ಬಂದವು. 1255 ಮತ್ತು 1344ರ ಭೂಕಂಪಗಳ ಜೊತೆ ಅವುಗಳ ಕಾಲ ತಾಳೆಯಾಗುತ್ತದೆ. ಆ ರಾಶಿಯಿಂದ ಮುಖ್ಯ ಕಣಿವೆಯ ತಳ ಎತ್ತರವಾಯಿತು. ಪಕ್ಕದ ಸಣ್ಣ ಹಳ್ಳಗಳ ಬಾಯಿ ಮುಚ್ಚಿತು. ಹರಿಯಲು ದಾರಿಯಿಲ್ಲದ ನೀರು ಅಲ್ಲಲ್ಲೇ ನಿಂತಿತು. ಫೇವಾ, ಬೇಗ್ನಾಸ್, ರೂಪಾ ಸರೋವರಗಳು ಆದದ್ದು ಹೀಗೆ. ಪೋಖರಾದ ಸಮತಟ್ಟು ನೆಲ ಕೂಡ ಅದೇ ಜಲ್ಲಿ.

ಮರುದಿನ ಸೇತಿ ನದಿ ಹುಡುಕಿಕೊಂಡು ಹೋದೆ. ಹುಡುಕಲೇಬೇಕು, ಯಾಕೆಂದರೆ ಊರೊಳಗೇ ಹರಿದರೂ ಅದು ಕಾಣುವುದಿಲ್ಲ. ಜಲ್ಲಿಯನ್ನು ಕೊರೆದು ಆಳಕ್ಕೆ ಇಳಿದುಬಿಟ್ಟಿದೆ. ಸೇತುವೆಯ ಮೇಲೆ ಬಗ್ಗಿ ನೋಡಿದರೆ ಕೆಲವೇ ಮೀಟರ್ ಅಗಲದ ಕತ್ತಲ ಸೀಳು, ತಳದಲ್ಲಿ ಸದ್ದು. ಸೇತಿ ಎಂದರೆ ಬಿಳಿ. ಸುಣ್ಣಕಲ್ಲಿನ ಪುಡಿ ಬೆರೆತ ಹಾಲಿನಂಥ ನೀರು. ಸೀಳಿನ ಗೋಡೆಯಲ್ಲಿ ಮುಷ್ಟಿಯಷ್ಟು, ತಲೆಯಷ್ಟು ದೊಡ್ಡ ಉರುಟು ಕಲ್ಲುಗಳು ಕಾಂಕ್ರೀಟಿನಲ್ಲಿ ಹುಗಿದ ಹಾಗೆ ಕೂತಿದ್ದವು.

ಪಾತಾಳೆ ಛಾಂಗೊ ಎಂಬ, ನೆಲದೊಳಗೆ ಬೀಳುವ ಜಲಪಾತವನ್ನೂ ನೋಡಿದೆ. ಕಂಬಿ ಹಿಡಿದು ಸೆಲ್ಫಿಗೆ ನಿಂತವರ ಬೆನ್ನೇ ಜಾಸ್ತಿ ಕಂಡಿತು.

ನನಗೆ ಇಷ್ಟವಾದದ್ದು ಯಾರೂ ಫೋಟೋ ತೆಗೆಯದ ಒಂದು ಬಂಡೆ. ಪೃಥ್ವಿ ನಾರಾಯಣ ಕಾಲೇಜಿನ ಆವರಣದಲ್ಲಿದೆ. ಭೀಮಕಾಳಿ ಬಂಡೆ ಎನ್ನುತ್ತಾರೆ. ಅಡ್ಡಳತೆ ಸುಮಾರು 10 ಮೀಟರ್. ಅಷ್ಟು ದೊಡ್ಡದನ್ನೂ ಬೆಟ್ಟದಿಂದ ಇಲ್ಲಿಗೆ ತಂದು ಹಾಕಿದ್ದು ಪ್ರವಾಹವೇ. ಮಳೆಯಲ್ಲಿ ನೆನೆದು ತಣ್ಣಗಿತ್ತು. ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತೆ. ಅದರ ನೆರಳಿನಲ್ಲಿ ಇಬ್ಬರು ಹುಡುಗರು ಪರೀಕ್ಷೆಗೆ ಓದುತ್ತಿದ್ದರು. ಇವನಿಗೇನಾಯಿತು ಎಂಬಂತೆ ನೋಡಿದರು.

ಹೊರಡುವ ದಿನ ಬೆಳಗಿನ ಐದೂವರೆಗೆ ಎಚ್ಚರವಾಯಿತು. ಟ್ಯಾಂಕಿನ ಎಡಬದಿಯಲ್ಲಿ ಮಾಛಾಪುಚ್ಛ್ರೆ, ತುದಿ ಕಿತ್ತಳೆ ಬಣ್ಣ. ಹೆಸರಿನ ಅರ್ಥ ಮೀನಿನ ಬಾಲ. ಆದರೆ ಊರಿನಿಂದ ಒಂದೇ ಚೂಪು ಕಾಣುತ್ತದೆ; ಬಾಲದ ಎರಡು ಸೀಳು ನೋಡಲು ಇನ್ನೂ ಪಶ್ಚಿಮಕ್ಕೆ ನಡೆಯಬೇಕು. ಫೋನ್ ಹುಡುಕಿ ತರುವಷ್ಟರಲ್ಲಿ ಅರ್ಧ ಮುಚ್ಚಿತ್ತು. ನನ್ನ ಫೋಟೋದಲ್ಲಿ ಟ್ಯಾಂಕ್ ಮಾತ್ರ ಸ್ಪಷ್ಟವಾಗಿ ಬಂದಿದೆ.